ನಮ್ಮಪ್ಪ, ಡೇಟೋನಾ ಮತ್ತ ಚೇತಕ್ ಚಾವಿ

ನಮ್ಮ ಹುಬ್ಬಳ್ಳಿ ಕಡೆ ಗಾಡಿ 'ಓಡಸೂದಿಲ್ಲ' ನೋಡ್ರಿ, 'ಹೊಡಿತೇವಿ'. ಸೈಕಲ್ ಹೊಡಿತೇವಿ, ಸ್ಕೂಟರ್ ಹೊಡಿತೇವಿ, ಕಾರೂ ಹೊಡಿತೇವಿ. ನಾ ಬೆಂಗಳೂರಾಗ ನೌಕರಿಗಿದ್ದಾಗ ಒಮ್ಮೆ ಆಫೀಸಿನಾಗ 'ನಮ್ಮಪ್ಪ ಇನ್ನೂ ದಿನಾ ಸ್ಕೂಟರ್ ಹೊಡಿತಾನ್ರಿ' ಅಂತ ಹೆಮ್ಮೆಲೆ ಹೇಳಿದ್ರ, ಬಾಜೂಕ ಕೂತಾವ್ರು 'ಅಯ್ಯೋ, ಯಾಕೆ ಸಾರ್, ಸ್ಟಾರ್ಟ್ ಆಗಲ್ವಾ?' ಅಂತ ಕೇಳಿದ್ರು. ಆ ಸ್ಕೂಟರ್ ಹೊಡತದಿಂದ ಅಲ್ಲ, ಕಿಕ್ಕಿನಿಂದ ಸ್ಟಾರ್ಟ್ ಆಗ್ತದ ಅಂತ ಅವರಿಗೆ ತಿಳಿಸಿ ಹೇಳೂದ್ರಾಗ ಮಧ್ಯಾಹ್ನದ ಊಟದ ಹೊತ್ತ ಮುಗದಿತ್ತು.

ಇರ್ಲಿ. ಇವತ್ತ ನಾ ಹೇಳೂದು ಗಾಡಿ ಹೊಡಿಯೂ ಆಟದ ಬಗ್ಗೆ. ವಿಡಿಯೋ ಗೇಮು. 44 ವರ್ಷದ ಗೃಹಸ್ಥ, ಗ್ಯಾಸ್ ಸಿಲಿಂಡರ್ ಬುಕ್ ಮಾಡೂದು ಬಿಟ್ಟು ಇದನ್ನ ಯಾಕ ಬರಿತಾನ ಅಂತ ಅನ್ನಬ್ಯಾಡ್ರಿ. ಸಿಲಿಂಡರ್ ಬುಕ್ ಮಾಡೇ ಬರಿಲಿಕ್ಕೆ ಕೂತೇನಿ.

1999ರಾಗ ನಾ ಡಿಗ್ರಿ ಎರಡನೇ ವರ್ಷ ಇದ್ದೆ. ಆವಾಗ ವಿದ್ಯಾನಗರದಾಗ ಕಾಲೇಜಿಗೆ ಹೊಂದಿ ಒಂದು ಸೈಬರ್ ಕೆಫೆ ಶುರು ಆತು. ಮನ್ಯಾಗ 'ನೆಟ್ಟಿನಾಗ ನೋಟ್ಸ್ ಹುಡಕಲಿಕ್ಕೆ ಹೊಂಟೇನಿ' ಅಂತ ಹೇಳೂದು, ಅಲ್ಲೆ ಹೋಗಿ ರೋಡ್ ರ‍್ಯಾಶ್ ಆಡೂದು. ತಾಸಿಗೆ 20 ರೂಪಾಯಿ. ನಾಲ್ಕು ಮಂದಿ ಐದೈದು ರೂಪಾಯಿ ಕೂಡಿಸೂದು, ಒಬ್ಬೊಬ್ಬಾಂವ ಹದಿನೈದು ಮಿನಿಟ್ ಆಡೂದು, ಉಳದ ಮೂರೂ ಮಂದಿ ಕುರ್ಚಿ ಹಿಂದ ನಿಂತು 'ಒದಿಯಲೇ, ಒದಿ!' ಅಂತ ಒದರೂದು.

ಯಾಕಂದ್ರ ಅದು ಬರೇ ಬೈಕ್ ರೇಸ್ ಅಲ್ಲ. 1991ರಾಗ ಎಲೆಕ್ಟ್ರಾನಿಕ್ ಆರ್ಟ್ಸ್ ಕಂಪನಿಯವರು ಸೆಗಾ ಮಷೀನಿಗಂತ ಮೊದಲ ಮಾಡಿದ್ದ ಆಟ ಅದು. ಆಮ್ಯಾಲೆ ಕಂಪ್ಯೂಟರಿಗೂ ಬಂತು. ಬಾಜೂಕ ಬೈಕ್ ತಂದಾಂವಗ ಗುದ್ದಬಹುದು, ಒದಿಬಹುದು, ಅವನ ಕೈಯಾಗಿನ ಬಡಗಿ ಕಸ್ಕೊಂಡು ಅವಂಗ ಬಡಿಬಹುದು. ಹಿಂದ ಪೊಲೀಸರು ಬೆನ್ನ ಹತ್ತಿರ್ತಿದ್ರು. ಅಂದ್ರ ನಮ್ಮ ಭಾಷಾದಾಗ 'ಹೊಡಿಯೂದು' ಅನ್ನೂ ಶಬ್ದಕ್ಕ ಇರೂ ಎರಡೂ ಅರ್ಥ ಒಂದ ಆಟದಾಗ ಸಿಗ್ತಿದ್ವು. ಇದನ್ನ ಮಾಡಿದಾಂವ ಹುಬ್ಬಳ್ಯಾಂವನ ಇರಬೇಕು ಅಂತ ನಮ್ಮ ದೋಸ್ತ ಒಬ್ಬಾಂವ ಭಾಳ ದಿವಸ ನಂಬಿದ್ದ.

ನನಗ ಆ ಆಟದಾಗ ಎಲ್ಲಾದಕ್ಕಿಂತ ಹೆಚ್ಚು ಸೇರ್ತಿದ್ದದ್ದು ಬೀಳೂದು. ಎದುರಿನ ಕಾರಿಗೆ ಬಡದ್ವಿ ಅಂದ್ರ ಸವಾರ ಗಾಳ್ಯಾಗ ಹಾರಿ, ರಸ್ತೆ ಮ್ಯಾಲೆ ಉಳ್ಳಾಡಿ, ಎದ್ದು, ಓಡಿಕೋತ ಹೋಗಿ ತನ್ನ ಬೈಕ್ ಎತ್ತಿಕೊಂಡು ಮತ್ತ ಹೊಂಟಬಿಡ್ತಿದ್ದ. ಬೈಕಿಗೆ ಧಕ್ಕಿ ಆಗ್ತಿತ್ತು, ಅವನ ಮಣಕಾಲಿಗೆ ಏನೂ ಆಗ್ತಿದ್ದಿಲ್ಲ.

ಆಮ್ಯಾಲೆ ಅದ ಸೈಬರಿನಾಗ ನೀಡ್ ಫಾರ್ ಸ್ಪೀಡ್ ಎರಡನೇದ್ದು ಬಂತು, 1997ರದ್ದು. ಮ್ಯಾಕ್ಲಾರೆನ್ ಎಫ್1, ಫೆರಾರಿ ಎಫ್50 ಹಿಂಥಾ ಕಾರು. ಅದ್ರಾಗ ನೇಪಾಳದ ಗುಡ್ಡದಾಗ ಒಂದು ರಸ್ತೆ ಇತ್ತು, ಮಿಸ್ಟಿಕ್ ಪೀಕ್ಸ್ ಅಂತ ಹೆಸರು. ನಮ್ಮ ಮನ್ಯಾಗ ಇದ್ದದ್ದು ಒಂದ ಒಂದು ಬಜಾಜ್ ಚೇತಕ್, ಅದೂ 1984ರಾಗ ಅಪ್ಪ ನಂಬರ್ ಹಚ್ಚಿ, ಕಾಯ್ದು ಕಾಯ್ದು ತೊಗೊಂಡದ್ದು. ಆದ್ರ ಸಂಜೀಕ ಹದಿನೈದು ಮಿನಿಟ್ ನಾ ಮ್ಯಾಕ್ಲಾರೆನ್ ಮಾಲಕ.

ಆ ಸೈಬರಿನ ಕೀಬೋರ್ಡ್ ನನಗ ಇನ್ನೂ ನೆನಪದ. ಮ್ಯಾಲಿನ ಬಾಣ ಒತ್ತಿದ್ರ ಗಾಡಿ ಓಡೂದು, ಕೆಳಗಿನ ಬಾಣ ಒತ್ತಿದ್ರ ಬ್ರೇಕು. ಮ್ಯಾಲಿನ ಬಾಣದ ಗುರ್ತು ಸವದು ಸವದು ಅಳಿಸಿ ಹೋಗಿತ್ತು. ಕೆಳಗಿಂದು ಅಂಗಡ್ಯಾಗಿಂದ ನಿನ್ನೆ ತಂದಂಗ ಇತ್ತು. ಈ ಆಟ ಏನು ಕಲಿಸ್ತಾವ ಅಂತ ತಿಳ್ಕೊಳ್ಳಿಕ್ಕೆ ಅದೊಂದು ಕೀಬೋರ್ಡ್ ನೋಡಿದ್ರ ಸಾಕಿತ್ತು. ನಾ ನೋಡ್ಲಿಲ್ಲ.

ಒಂದಿನ ಎರಡು ತಾಸು ಆಡಿ ಹೊರಗ ಬಂದೆ. ಕಣ್ಣಾಗ ಇನ್ನೂ ರಸ್ತೆ ಓಡ್ಲಿಕ್ಕೆ ಹತ್ತಿತ್ತು. ಅವತ್ತ ಅಪ್ಪನ ಚೇತಕ್ ತಂದಿದ್ದೆ. ಉಣಕಲ್ ಕೆರಿ ಕಡೆ ಒಂದು ರೌಂಡ್ ಹೊಡದು ಬರೂಣು ಅಂತ ಹೋದೆ. ಒಂದು ತಿರುವಿನಾಗ, ಬ್ರೇಕ್ ಹಿಡೀದ ಹಂಗ ವಾಲಿಸಿ ತಿರುಗಿಸೂಣು ಅನಿಸ್ತು. ಸಣ್ಣ ಗಾಲಿ, ಎಂಜಿನ್ ಒಂದ ಬಾಜೂಕ, ಮ್ಯಾಲೆ ರಸ್ತೆದಾಗ ಯಾರದೋ ಮನಿ ಕಟ್ಟೂ ಉಸುಗು. ಗಾಡಿ ಒಂದ ಕಡೆ, ನಾ ಒಂದ ಕಡೆ. ಎದ್ದು ಓಡಿಕೋತ ಹೋಗಿ ಗಾಡಿ ಎತ್ತಿಕೊಳ್ಳೂಣು ಅಂದ್ರ ಏಳ್ಲಿಕ್ಕೇ ಆಗವಲ್ತು.

ಯಾರೋ ಪುಣ್ಯಾತ್ಮರು ಅಪ್ಪನ ಆಫೀಸಿಗೆ ಫೋನ್ ಮಾಡಿದ್ರು. ಅಪ್ಪ ಆಟೋ ಮಾಡ್ಕೊಂಡು ಬಂದಾ. ಮೊದಲ ನನ್ನ ನೋಡಿದಾ, ಆಮ್ಯಾಲೆ ಸ್ಕೂಟರ್ ನೋಡಿದಾ, ಆಮ್ಯಾಲೆ ಮತ್ತ ನನ್ನ ನೋಡಿದಾ. ಒಂದು ಮಾತೂ ಅನ್ಲಿಲ್ಲ. ಮಣಕಾಲಿಗೆ ಏಳು ಹೊಲಿಗಿ ಬಿದ್ವು. ಸ್ಕೂಟರಿನ ಮಡಗಾರ್ಡ್ ಬಡಿದು ಸರಿ ಮಾಡಸ್ಲಿಕ್ಕೆ ನನ್ನ ಹೊಲಿಗಿಕಿಂತ ಹೆಚ್ಚು ರೊಕ್ಕ ಆತು ಅಂತ ಅವ್ವ ಇವತ್ತಿಗೂ ಹೇಳ್ತಾಳ.

ಹೊಲಿಗಿ ಬಿಚ್ಚಿದ ಮರುದಿನ ಮುಂಜಾನೆ ಅಪ್ಪ ನನ್ನ ಚಾ ಕಪ್ಪಿನ ಬಾಜೂಕ ಚಾವಿ ಇಟ್ಟಾ. 'ಹಾಲು ತೊಗೊಂಡ ಬಾ' ಅಂದಾ.

'ನಡಕೋತ ಹೋಗ್ತೇನಿ ಅಪ್ಪಾ.'

'ಬ್ಯಾಡ. ಇವತ್ತ ಹೊಡೀಲಿಲ್ಲಂದ್ರ ಹೆದರಿಕಿ ಒಳಗ ಕೂತಬಿಡ್ತದ. ಸಾವಕಾಶ ಹೋಗಿ ಬಾ.'

ಅವ್ವ ಒಳಗಿಂದ 'ಮತ್ತ ಬೀಳಸ್ತೀರೇನ್ ಅವನ್ನ' ಅಂತ ಒದರಿದ್ಲು. ನಾ ಹೋದೆ. ಕೈ ನಡಗ್ತಿತ್ತು. ಹಾಲಿನ ಅಂಗಡಿ ನಮ್ಮ ಮನಿಯಿಂದ ಭಾಳಂದ್ರ ನಾಲ್ಕ ನೂರು ಮಾರು. ಮರಳಿ ಬರೂತನಕಾ ಅಪ್ಪ ಗೇಟಿಗೆ ನಿಂತಿದ್ದಾ. ನಾ ಬಂದ ಕೂಡ್ಲೆ ಪೇಪರ್ ಓದ್ಲಿಕ್ಕೆ ಬಂದಾಂವರಂಗ ಪೇಪರ್ ತೆಗದಾ.

ಇಷ್ಟೆಲ್ಲಾ ಆದ್ರೂ ನಾ ಆಟ ಬಿಡ್ಲಿಲ್ಲ. ನೌಕರಿ ಆತು, ಲಗ್ನ ಆತು, ಮಗ ಹುಟ್ಟಿದಾ, ಈಗ ಅವನ ಜೋಡಿ ಕೂತು ಆಡ್ತೇನಿ. ಇಷ್ಟ ವರ್ಷ ಆಡಿ ನನಗ ತಿಳದದ್ದು ಒಂದೆರಡು ಮಾತು ಹೇಳ್ತೇನಿ, ಆಡದವರಿಗೂ ಉಪಯೋಗ ಆಗಬಹುದು.

ಗಾಡಿ ಆಟದಾಗ ಎರಡು ಜಾತಿ ಅವ. ಒಂದು, ಖರೇ ಗಾಡಿ ಹೆಂಗ ನಡಿತದ ಹಂಗ ನಡಿಯೂವಂಥಾವು. 1997ರಾಗ ಬಂದ ಗ್ರ್ಯಾನ್ ಟುರಿಸ್ಮೋ ಅಂಥಾದ್ದು. ಅದ್ರಾಗ ತಿರುವಿಗೆ ಮುಂಚೆನ ಬ್ರೇಕ್ ಹಿಡಿಬೇಕು, ಟಾಯರ್ ಹಿಡಿತ ನೋಡಬೇಕು. ಅದು ನಮ್ಮಪ್ಪನಂಥಾವ್ರ ಆಟ. ಎರಡನೇದ್ದು ಆರ್ಕೇಡ್ ಜಾತಿ. ನಾ ಹೇಳ್ಲಿಕ್ಕೆ ಹತ್ತಿದ್ದು ಇದರ ಬಗ್ಗೆ.

ಆರ್ಕೇಡ್ ಅಂದ್ರ ನಾಣ್ಯ ಹಾಕಿ ಆಡೂ ಮಷೀನಿನ ಅಂಗಡಿ. ಈ ಆಟದ ಗುಣಾ ಎಲ್ಲಾ ಆ ನಾಣ್ಯದಿಂದನ ಬಂದದ್ದು. ಒಂದು ನಾಣ್ಯಕ್ಕ ಒಬ್ಬಾಂವ ತಾಸಗಟ್ಟಲೆ ಕೂತ್ರ ಅಂಗಡಿಯಾಂವ ಹೊಟ್ಟಿಗೆ ಏನ್ ತಿನ್ನಬೇಕು? ಅದಕ್ಕ ಮ್ಯಾಲೆ ಒಂದು ಗಡಿಯಾರ ಇಡ್ತಾರ. ಹೊತ್ತ ಮುಗಿಯೂದ್ರಾಗ ಮುಂದಿನ ಗಡಿ ಮುಟ್ಟಿದ್ರ ಇನ್ನಷ್ಟು ಸೆಕೆಂಡ್ ಸಿಗ್ತಾವ, ಇಲ್ಲಂದ್ರ ಏಳು, ಮುಂದಿನಾಂವ ಕೂಡ್ಲಿ. ಹಿಂಗಾಗಿ ಅಲ್ಲೆ ಬ್ರೇಕ್ ಹಿಡಿಯೂದಂದ್ರ ರೊಕ್ಕ ಕಳಕೊಂಡಂಗ. 1986ರಾಗ ಸೆಗಾದವರು ಔಟ್ ರನ್ ಅಂತ ಮಾಡಿದ್ರು, ಯು ಸುಜುಕಿ ಅನ್ನಾವ್ರದ್ದು. ಅದ್ರಾಗ ಎದುರಾಳಿನ ಇಲ್ಲ. ಕೆಂಪು ಕಾರು, ಬಾಜೂಕ ಒಬ್ಬ ಹುಡುಗಿ, ಮೂರರಾಗ ನಮಗ ಬೇಕಾದ ಹಾಡು ಹಚ್ಚಿಕೊಂಡು ಹೋಗೂದು, ದಾರಿ ಕವಲು ಬಂದಲ್ಲೆ ಎಡಕ್ಕೋ ಬಲಕ್ಕೋ ನಾವ ಆರಿಸಿಕೊಳ್ಳೂದು. ಅಷ್ಟು ಛಂದ ಆಟಕ್ಕೂ ಗಡಿಯಾರ ತಪ್ಪಲಿಲ್ಲ.

ಆದ್ರ ಇಷ್ಟು ಗಡಿಬಿಡಿ ಮಾಡೂ ಆಟಕ್ಕ ಇನ್ನೊಂದು ಗುಣಾನೂ ಅದ. ಕರುಣಾ. ಗ್ವಾಡಿಗೆ ಬಡದ್ರೂ ಎರಡು ಮೂರು ಸೆಕೆಂಡಿನಾಗ ನಿಮ್ಮ ಗಾಡಿ ಮತ್ತ ರಸ್ತೆ ಮ್ಯಾಲೆ ತಂದಿಡ್ತದ. ಭಾಳಷ್ಟು ಆಟದಾಗ, ನೀವು ಹಿಂದ ಬಿದ್ರ ಮುಂದಿನಾವ್ರು ತಾವ ಸ್ವಲ್ಪ ಸಾವಕಾಶ ಆಗ್ತಾರ. ನೀವು ಭಾಳ ಮುಂದ ಹೋದ್ರ ಅವರು ಜೋರು ಮಾಡ್ತಾರ. ಇದಕ್ಕ ರಬ್ಬರ್ ಬ್ಯಾಂಡ್ ಅಂತ ಅಂತಾರ. ಮಾರಿಯೋ ಕಾರ್ಟಿನಾಗಂತೂ ಕಡೀಕ ಉಳದಾಂವಗ ಎಲ್ಲಾರಿಗಿಂತ ಛಲೋ ಸಾಮಾನು ಸಿಗ್ತದ. ಪಂಟರ್ ಆಟಗಾರರು 'ಇದು ಮೋಸ' ಅಂತ ಬೈತಾರ. ನನಗೇನೋ ಇದು ಮನಿತನದ ಗುಣಾ ಅನಸ್ತದ. ಪಂಕ್ತಿ ಊಟದಾಗ ಕಡೀಕ ಬಂದಾಂವಗ ಎರಡು ಹೋಳಿಗಿ ಹೆಚ್ಚಿಗೆ ಬಡಸಿದಂಗ.

ಈಗ ಮನಿ ಸುದ್ದಿಗೆ ಬರ್ತೇನಿ.

ಹೋದ ವರ್ಷ ಶ್ರಾವಣದಾಗ, ಮಳಿ ಬಂದು ನಿಂತಿತ್ತು. 76 ವರ್ಷದ ನಮ್ಮಪ್ಪ ಅದ ಚೇತಕ್ ಮ್ಯಾಲೆ ಮೊಮ್ಮಗನ್ನ ತಬಲಾ ಕ್ಲಾಸಿಗೆ ಕರಕೊಂಡ ಹೊಂಟಿದ್ದಾ. ನಮ್ಮ ಓಣಿ ತುದಿಗೆ ನಿಂತಿದ್ದ ಆಟೋಕ್ಕ ಹೋಗಿ ಬಡದಾ. ಆಟೋ ಹಿಂದ ಬಂತು ಅಂತ ಅಪ್ಪ, ಆಟೋ ನಿಂತ ಇತ್ತು ಅಂತ ಮಂದಿ. ಅಪ್ಪನ ಬಲಗಣ್ಣಿಗೆ ಪೊರೆ ಬಂದಿತ್ತು. ಆಪರೇಷನ್ ದಸರಾ ಆದ ಮ್ಯಾಲೆ ಮಾಡಸೂಣು ಅಂತ ಮುಂದ ಹಾಕಿದ್ದಾ. ಅಪ್ಪನ ಮುಂಗೈ ಬಾತಿತ್ತು. ಮಗನ ಗದ್ದಕ್ಕ ಮೂರು ಹೊಲಿಗಿ.

ನಾ ಓಡಿ ಹೋದೆ. ಮಗನ ಅಂಗಿ ಮ್ಯಾಲೆ ರಕ್ತ ನೋಡಿ ನನ್ನ ತಲಿ ನಿಲ್ಲಲಿಲ್ಲ. ಓಣ್ಯಾಗಿನ ಅಷ್ಟೂ ಮಂದಿ ಎದುರಿಗೆ, 'ಸಾಕು ಅಪ್ಪಾ! ನಿನ್ನ ಕೈಲೆ ಇನ್ನ ಏನೂ ಆಗೂದಿಲ್ಲ, ಸುಮ್ನ ಮನ್ಯಾಗ ಕೂಡು' ಅಂದೆ. ಗಾಡಿಯಿಂದ ಚಾವಿ ಕಿತ್ತಕೊಂಡು ಕಿಸೇದಾಗ ಹಾಕ್ಕೊಂಡೆ. ಅಪ್ಪ ಮೊಮ್ಮಗನ ಗದ್ದಕ್ಕ ತನ್ನ ಕರ್ಚೀಫ್ ಒತ್ತಿ ಹಿಡಕೊಂಡು ನಿಂತಿದ್ದಾ. ಏನೂ ಅನ್ಲಿಲ್ಲ.

ಆಮ್ಯಾಲೂ ಏನೂ ಅನ್ಲಿಲ್ಲ. ಅದ ತ್ರಾಸು. ದಸರಾ ತನಕಾನೂ ಕಾಯಲಿಲ್ಲ, ಹೇಳಿದ ದಿನಾನ ಬಂದು ಕಣ್ಣಿನ ಆಪರೇಷನ್ ಮಾಡಿಸಿಕೊಂಡಾ. ಕೇಳಿದ್ದಕ್ಕ 'ಹೂಂ', 'ಊಂಹೂಂ' ಅಷ್ಟ. ಕಾಯಿಪಲ್ಯಾಕ್ಕ ನಡಕೋತ ಹೋಗ್ತಿದ್ದಾ. 'ನಾ ಕಾರಿನಾಗ ಬಿಡ್ತೇನಿ ಬಾ' ಅಂದ್ರ 'ಡಾಕ್ಟರ್ ನಡೀರಿ ಅಂದಾರ' ಅಂತಿದ್ದಾ. ಮುಂಜಾನೆ ಎದ್ದು ಸ್ಕೂಟರ್ ಒರಸೂದು ಮಾತ್ರ ಬಿಡ್ಲಿಲ್ಲ. ಚಾವಿ ಇಲ್ಲದ ಗಾಡಿ, ದಿನಾ ಥಳಥಳ.

ನನ್ನ ಹೆಂಡತಿ ಒಂದಿನ ಚಪಾತಿ ಲಟ್ಟಿಸಿಕೋತ ಅಂದ್ಲು, 'ರೀ, ಚಾವಿ ತೊಗೊಂಡದ್ದು ತಪ್ಪಲ್ಲ. ಮಾಂವನವರಿಗೆ ಓಣ್ಯಾಗ ನಿಂತು ಹಂಗ ಅಂದದ್ದು ತಪ್ಪು.' ನನಗೂ ಗೊತ್ತಿತ್ತು. ಆದ್ರ ಐದು ತಿಂಗಳ ಹಿಂದಿನ ಮಾತನ್ನ ಎಲ್ಲಿಂದ ಶುರು ಮಾಡೂದು?

ಅಷ್ಟರಾಗ ಮಗನ ಹುಟ್ಟಿದ ಹಬ್ಬ ಬಂತು. ಮಾಲಿನಾಗಿನ ಗೇಮ್ ಝೋನಿಗೆ ಹೋಗೂಣು ಅಂತ ಹಟಾ. ಅಜ್ಜನೂ ಬರಬೇಕು ಅಂತ ಮತ್ತೊಂದು ಹಟಾ. ಹೋದ್ವಿ. ಅಲ್ಲೊಂದು ಮೂಲ್ಯಾಗ ಹಳೇ ಡೇಟೋನಾ ಯುಎಸ್ಎ ಮಷೀನ್ ಇತ್ತು, ಸೆಗಾದವರ 1994ರ ಆಟ. ಕೂಡ್ಲಿಕ್ಕೆ ಸೀಟು, ಸ್ಟೇರಿಂಗ್, ಕಾಲಾಗ ಎರಡು ಪೆಡಲ್, ಬಾಜೂಕ ಗಿಯರ್. ಮಗ ಒಂದ ಆಟ ಆಡಿ ಇಳದು, 'ಅಜ್ಜಾ, ಈಗ ನೀ' ಅಂದಾ.

ಅಪ್ಪ ಬ್ಯಾಡ ಅಂತಾನ ಅಂತ ತಿಳ್ಕೊಂಡಿದ್ದೆ. ಒಂದು ಗಳಿಗಿ ಆ ಸ್ಟೇರಿಂಗ್ ನೋಡಿದಾ. ಚಪ್ಪಲ್ ಹೊರಗ ಬಿಟ್ಟು, ಹತ್ತಿ ಕೂತಾ. ಮೊದಲ ಕನ್ನಡಿ ಹುಡಕಿದಾ. ಆಟೋಮ್ಯಾಟಿಕ್ ಬೇಕೋ ಗಿಯರ್ ಬೇಕೋ ಅಂತ ಮಷೀನ್ ಕೇಳ್ತು. ಮಗ 'ಆಟೋಮ್ಯಾಟಿಕ್ ಒತ್ತು ಅಜ್ಜಾ, ಸಸಾರ ಅದ' ಅಂದಾ. 'ಗಿಯರ್ ಇಲ್ಲದ್ದು ಗಾಡಿ ಹೆಂಗ ಆಗ್ತದಲೇ?' ಅಂತ ಅಪ್ಪ. ಗಿಯರ್ ನಾಲ್ಕ ಇದ್ವು. 'ಚೇತಕ್ಕಿಗೂ ನಾಲ್ಕ' ಅಂದಾ. ಐದು ತಿಂಗಳಾಗ ಅಪ್ಪನ ಬಾಯಿಂದ ಆ ಹೆಸರು ಕೇಳಿದ್ದು ಅದ ಮೊದಲು.

ಎಲ್ಲಾರಿಗಿಂತ ಹಿಂದಿನಿಂದ ಶುರು ಮಾಡೂ ರೇಸ್ ಅದು. ಅಪ್ಪ ಫಸ್ಟ್ ಹಾಕಿದಾ, ಸೆಕೆಂಡ್ ಹಾಕಿದಾ, ಥರ್ಡ್ ಹಾಕಿ ಅಲ್ಲೇ ನಿಂತಾ. ಮುಂದಿನ ಗಾಡಿಗೂ ತನಗೂ ನಡುವ ಅಗದೀ ಜಾಗಾ ಬಿಟ್ಟು ಹೊಂಟಾ. ತಿರುವು ಬಂತು. ಅಪ್ಪ ಎಡಗೈ ಸ್ಟೇರಿಂಗಿನ ಮ್ಯಾಲೆ ಇಟ್ಟು, ಬಲಗೈ ಹೊರಗ ಚಾಚಿ ಸಿಗ್ನಲ್ ತೋರಿಸಿದಾ! ಹಿಂದ ನಿಂತ ಹುಡುಗೂರು ಬಿದ್ದು ಬಿದ್ದು ನಕ್ವು. ಅಪ್ಪನ ಲಕ್ಷ್ಯ ಅವರ ಕಡೆ ಇದ್ದಿದ್ದಿಲ್ಲ. ಮ್ಯಾಲಿನ ಸೆಕೆಂಡ್ ಸೊನ್ನಿಗೆ ಬಂತು, ಗೇಮ್ ಓವರ್ ಅಂತ ಬಂತು.

ಅಪ್ಪ ಹೊಳ್ಳಿ ಮೊಮ್ಮಗನ ಕಡೆ ನೋಡಿ, 'ಒಬ್ಬಾಂವಗೂ ಬಡೀಲಿಲ್ಲ ನೋಡು' ಅಂದಾ.

'ಅಜ್ಜಾ, ಇದ್ರಾಗ ಬಡದ್ರ ಏನೂ ಆಗೂದಿಲ್ಲ. ಮತ್ತ ರಸ್ತೆ ಮ್ಯಾಲೆ ತಂದ ನಿಂದರಸ್ತಾರ.'

'ಹೌದೇನು? ಬಡದ ಮ್ಯಾಲೂ ಗಾಡಿ ಕೊಡ್ತಾರ?'

'ಕೊಡ್ತಾರ ಅಜ್ಜಾ!'

ಅಪ್ಪ ನನ್ನ ಕಡೆ ನೋಡ್ಲಿಲ್ಲ. ಮಗನ ಗದ್ದದ ಮ್ಯಾಲಿನ ಕಲಿ ನೋಡಿದಾ. ನಾ ಅಲ್ಲೆ ಕಾರ್ಡ್ ಹಿಡಕೊಂಡು ನಿಂತಿದ್ದೆ. ನನಗ ಆ ಹಾಲಿನ ಅಂಗಡಿ, ಚಾ ಕಪ್ಪು, ಬಾಜೂಕಿನ ಚಾವಿ ಎಲ್ಲಾ ಕಣ್ಣಮುಂದ ಬಂತು. ನನಗ ಬಿದ್ದ ಮ್ಯಾಲೆ ಗಾಡಿ ಕೊಟ್ಟಾಂವ ಇವನ. ಇವಂಗ ನಾ ಏನ್ ಕೊಟ್ಟೆ?

ಮಷೀನಿಗೆ ಇನ್ನೊಮ್ಮೆ ಕಾರ್ಡ್ ತೋರಿಸಿದೆ. ಈ ಸಲ ಅಪ್ಪ ನಾಲ್ಕನೇ ಗಿಯರಿಗೆ ಹಾಕಿ ಪೆಡಲ್ ತಳಾ ಮುಟ್ಟಿಸಿದಾ. ಮೂರು ಗಾಡಿ ಹಿಂದ ಹಾಕಿದಾ, ನಾಲ್ಕನೇದ್ದಕ್ಕ ಬಡದಾ, ಹೋಗಿ ಗ್ವಾಡಿಗೆ ಬಡದಾ, ಗಾಡಿ ಗರಗರ ತಿರುಗಿ ಮತ್ತ ರಸ್ತೆಕ್ಕ ಬಂತು. ಅಪ್ಪ ನಗಲಿಕ್ಕೆ ಹತ್ತಿದಾ. ಹೊಟ್ಟಿ ಹಿಡಕೊಂಡು, ಕಣ್ಣಾಗ ನೀರು ಬರೂ ಹಂಗ. 'ಎಲಾ ಇವನ! ಏನೂ ಆಗ್ಲಿಲ್ಲಲೇ!' ಅಂತ ಮತ್ತ ಹೋಗಿ ಬಡದಾ. ಈ ಸಲ ಬೇಕಂತನ ಬಡದಾ ಅಂತ ನನ್ನ ಗುಮಾನಿ.

ಅವತ್ತ ರಾತ್ರಿ ಕಪಾಟಿನಾಗ ಕಾಗದಪತ್ರದ ಕೆಳಗ ಇಟ್ಟಿದ್ದ ಚಾವಿ ತೊಗೊಂಡು ಅಪ್ಪನ ಖೋಲಿಗೆ ಹೋದೆ. 'ಅಪ್ಪಾ, ಅವತ್ತ ನಾ ಹಂಗ ಅನ್ನಬಾರದಿತ್ತು' ಅಂದೆ. ಹೇಳ್ಲಿಕ್ಕೆ ಐದು ತಿಂಗಳು ಹಿಡಿದ ಮಾತು ಐದು ಸೆಕೆಂಡಿನಾಗ ಮುಗೀತು.

ಅಪ್ಪ ಚಾವಿ ನೋಡಿದಾ, ಕೈಯಾಗ ತೊಗೊಳ್ಳಿಲ್ಲ. 'ನಿನ್ನ ಕಪಾಟಿನಾಗ ಮನಿ ಕಾಗದದ ಕೆಳಗ ಇಟ್ಟಿದ್ದಿ. ಎರಡನೇ ದಿನಾನ ನೋಡೇನಿ' ಅಂದಾ.

'ಮತ್ತ ತೊಗೊಳ್ಳಿಲ್ಲ?'

'ಆಟೋ ನಿಂತ ಇತ್ತು. ನನಗ ಕಾಣಲಿಲ್ಲ. ಹುಡುಗನ್ನ ಕೂಡಿಸ್ಕೊಂಡು ಇನ್ನ ನಾ ಹೊಡ್ಯಾಂವಲ್ಲ ಅಂತ ಅವತ್ತ ಅಲ್ಲೇ ನಿರ್ಧಾರ ಮಾಡಿದ್ದೆ.' ಒಂದು ಗಳಿಗಿ ಸುಮ್ನಾದಾ. 'ಚಾವಿ ಕೇಳಿದ್ರ ನಾನ ಕೊಡ್ತಿದ್ದೆ. ಕಸ್ಕೊಂಡಿ ನೀ.'

ಇದಕ್ಕ ನನ್ನ ಕಡೆ ಉತ್ತರ ಇದ್ದಿದ್ದಿಲ್ಲ. ಈಗೂ ಇಲ್ಲ.

ಒಂದು ಮಾತು ಸ್ಪಷ್ಟ ಹೇಳ್ತೇನಿ. ಆಟದಂಗ ರಸ್ತೆದಾಗೂ ಎಲ್ಲಾರಿಗೂ ಮತ್ತ ಗಾಡಿ ಕೊಡ್ರಿ ಅಂತ ನಾ ಹೇಳ್ಲಿಕ್ಕೆ ಹತ್ತಿಲ್ಲ. 19ರ ಮಣಕಾಲು ಕೂಡ್ತದ, 76ರ ಕಣ್ಣು ಆಪರೇಷನ್ ಆದ್ರೂ ಸಂಜೀ ಬೆಳಕಿನಾಗ ಮೊದಲಿನಂಗ ಆಗೂದಿಲ್ಲ. ರಸ್ತೆ ಮ್ಯಾಲೆ ಆರ್ಕೇಡ್ ನಡಿಯೂದಿಲ್ಲ. ನಡಸಲಿಕ್ಕೆ ಹೋಗಿ ಏಳು ಹೊಲಿಗಿ ಹಾಕಿಸಿಕೊಂಡಾಂವ ಹೇಳ್ತೇನಿ, ನಂಬ್ರಿ. ಆದ್ರ ಮನ್ಯಾಗ ಅದು ನಡೀಬೇಕು. ಬಡದಾಂವನ್ನ ಎರಡು ಮೂರು ಸೆಕೆಂಡಿನಾಗ ಎತ್ತಿ ಮತ್ತ ನಮ್ಮ ನಡುವ ತಂದ ನಿಂದರಸಬೇಕು. ಐದು ತಿಂಗಳು ಭಾಳಾತು.

ಈಗ ಚಾವಿ ಬಾಗಲ ಬಾಜೂಕಿನ ಮಳಿಗೆ ಜೋತಾಡ್ತದ, ಎಲ್ಲಾರಿಗೂ ಕಾಣೂ ಹಂಗ. ರವಿವಾರ ಮುಂಜಾನೆ ಅಪ್ಪ ತಾನ ಗಾಡಿ ಹೊರಗ ತೆಗಿತಾನ, ಒಂದ ಬಾಜೂಕ ವಾಲಿಸಿ ನೆಟ್ಟಗ ಮಾಡಿ, ಕಿಕ್ ಹೊಡದು ಸ್ಟಾರ್ಟ್ ಮಾಡ್ತಾನ. ಆಮ್ಯಾಲೆ ಹಿಂದ ಸರೀತಾನ. ನಾ ಹೊಡಿತೇನಿ, ಅಪ್ಪ ಹಿಂದ ಕೂತು 'ಸೆಕೆಂಡಿಗೆ ಹಾಕು, ಸೆಕೆಂಡಿಗೆ', 'ಕ್ಲಚ್ ಪೂರಾ ಹಿಡಿ' ಅಂತ ಹೇಳ್ಕೋತ ಬರ್ತಾನ. ಉಣಕಲ್ ಕೆರಿ ತನಕಾ ಹೋಗಿ, ಮಿರ್ಚಿ ತಿಂದು, ಚಾ ಕುಡದು ಬರ್ತೇವಿ. ನಮ್ಮನ್ನ ಹಿಂದ ಹಾಕಿ ಹೋಗದ ಗಾಡಿ ಇಲ್ಲ; ಮೊನ್ನೆ ಒಂದು ಸೈಕಲ್ಲೂ ಹೋತು.

ಆ ತಿರುವು ಬಂದ ಕೂಡ್ಲೆ ಅಪ್ಪ ನನ್ನ ಹೆಗಲ ಮ್ಯಾಲೆ ಕೈ ಇಟ್ಟು 'ಇಲ್ಲೆ ಸಾವಕಾಶ' ಅಂತಾನ. ಪ್ರತೀ ರವಿವಾರ ಅಂತಾನ.

ನಾ ಬ್ರೇಕ್ ಹಿಡಿತೇನಿ.